ಹಗ್ಗವೋ ಹಲ್ಲುಪಟ್ಟಿಯೋ

ಸುರಪುರ
೩ ಆಗಸ್ಟ್ ೧೯೪೮

ಉಸ್ತಾದ್ ಚಂದಾಹುಸೇನ ಸಾಹೇಬರಿಗೆ ಶಾಗಿರ್ದ ಹುಲಗಪ್ಪನ ಸಲಾಂ.

ನೀವು ಗಡಿ ದಾಟಿ ಸೋಲಾಪುರ ಮುಟ್ಟಿದ್ದು, ಅಲ್ಲಿ ಮಿಲ್ಲಿನ ಲಾರಿಗಳ ರಿಪೇರಿ ಕೆಲಸ ಸಿಕ್ಕಿದ್ದು ಅರಿವೆ ವ್ಯಾಪಾರಿಯಿಂದ ತಿಳಿಯಿತು. ನಮ್ಮ ಮನೆಯಾಕೆ ಮಾಳಮ್ಮ ಅದೇ ದಿನ ಹನುಮಪ್ಪನಿಗೆ ಕಾಯಿ ಒಡೆಸಿದಳು. ಉರ್ದುವಿನಲ್ಲಿ ಬರೆದ ಕಾಗದವನ್ನು ಪಹರೆಯ ನಾಕೆಯಲ್ಲಿ ಒಡೆದು ಓದುತ್ತಾರೆ. ಕನ್ನಡ ಓದುವವರು ಅವರಲ್ಲಿ ಕಡಿಮೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೀವೂ ಹಾಗೇ ಮಾಡಿರಿ.

ಗೋಗಿಯಾಚೆ ನಿಮ್ಮ ಊರು ಕಲ್ಲಗುಡ್ಡಕ್ಕೆ ಹೋಗಿ ಬಂದೆ. ರಜಾಕಾರರು ನಿಮ್ಮ ಮನೆಗೆ ಬಂದು ಹೋಗಿದ್ದಾರೆ. ಅವರ ಲಾರಿಗಳು ಕೆಟ್ಟು ನಿಂತಿವೆ, ಮಿಸ್ತ್ರಿ ಮಾತ್ರ ಗಡಿಯಾಚೆ ಹಿಂದ್ ಯೂನಿಯನ್ನಿಗೆ ಓಡಿಹೋಗಿದ್ದಾನೆ ಎಂಬುದು ಅವರ ಸಿಟ್ಟು. ಹಣಮಂತ್ರಾಯಗೌಡರು ನಿಮ್ಮ ಮನೆಯವರು ಜೈತುನಬೀ ಅಕ್ಕನನ್ನೂ ನಿಮ್ಮ ತಾಯಿ ದಾವಲಬೀ ಆಯಿಯನ್ನೂ ತಮ್ಮ ವಾಡೆಯ ಹಿತ್ತಿಲ ಕೋಣೆಯಲ್ಲಿ ಇಟ್ಟುಕೊಂಡಿದ್ದಾರೆ. ಇನ್ನೇನಾಯಿತು ಎಂದು ಕೇಳಿದರೆ ಅಕ್ಕ, “ನಾವು ಆರಾಮ ಅದೀವಿ ಅಂತ ಬರೀ. ಖರೇ ಬರಿಬ್ಯಾಡ” ಅಂದಳು. ಆದ್ದರಿಂದ ಇಷ್ಟೇ ಬರೆಯುತ್ತೇನೆ.

ಅವರಿಬ್ಬರನ್ನೂ ಯಾದಗಿರಿ ಸ್ಟೇಶನ್ನಿಗೆ ಒಯ್ದು ಸೋಲಾಪುರದ ರೈಲು ಹತ್ತಿಸಬೇಕೆಂದು ಹೇಳಿ ಕಳಿಸಿದ್ದಿರಿ. ಬಂಡಿಯಲ್ಲಿ ಆಗುವ ಮಾತಲ್ಲ. ಎರೆಮಣ್ಣು ಗಾಲಿಯನ್ನು ನುಂಗುತ್ತದೆ, ದಾರಿಯುದ್ದಕ್ಕೂ ನಾಕೆಗಳಿವೆ, ಆಯಿಯ ಕಾಲು ಮಡಚಲು ಬರುವುದಿಲ್ಲ. ಬಸವಂತರಾಯ ವಕೀಲರು ತಮ್ಮ ಮೋಟಾರು ಕೊಡುತ್ತೇನೆ ಎಂದಿದ್ದಾರೆ. ಸಂಸ್ಥಾನದ ಮನೆಯಿಂದ ಬಂದ ಅದೇ ಹಳೆಯ ಗಾಡಿ, ನೀವು ಮುದುಕಿ ಎಂದು ಕರೆಯುತ್ತಿದ್ದದ್ದು. ವಕೀಲರ ಗಾಡಿ ಎಂದರೆ ನಾಕೆಯವರು ಇನ್ನೂ ಬಾಗಿಲು ತೆಗೆದು ನೋಡುವುದಿಲ್ಲ.

ಮುದುಕಿ ನಿಂತುಬಿಟ್ಟಿದ್ದಾಳೆ. ವಾಲ್ವುಗಳನ್ನು ತೆರೆದು ಮುಚ್ಚಿಸುವ ಮುಂದಿನ ಟೈಮಿಂಗ್ ಗೇರಿನ ಹಲ್ಲುಗಳು ಉದುರಿವೆ. ಬೇರೆ ಗೇರು ನಮ್ಮ ಹಲಗೆಯ ಮೇಲೇ ಇತ್ತು. ಅದನ್ನು ಕೂಡಿಸಲು ಮುಂದಿನ ದೊಡ್ಡ ನಟ್ಟು ಬಿಚ್ಚಬೇಕು. ಪಾನಾ ಹಾಕಿ ಎಳೆದರೆ ನಟ್ಟಿನ ಜೊತೆ ಎಂಜಿನ್ನೇ ತಿರುಗುತ್ತದೆ. ಹಿಂದೆ ಫ್ಲೈವ್ಹೀಲನ್ನು ಅಲುಗದಂತೆ ಹಿಡಿಯದೆ ಅದು ಬಿಚ್ಚುವುದಿಲ್ಲ. ಗೇರಿಗೆ ಹಾಕಿ ಗಾಲಿಗೆ ಕಲ್ಲು ಕೊಟ್ಟು ನೋಡಿದೆ. ಕ್ಲಚ್ಚು ಸವೆದು ಜಾರುತ್ತದೆ.

ಯಾವುದರಿಂದ ಹಿಡಿಯಲಿ? ಫ್ಲೈವ್ಹೀಲಿನ ಹಲ್ಲಿಗೆ ಕಬ್ಬಿಣದ ಚಾಣ ಕೊಡಲೇ? ಕೆಳಗೆ ಎಣ್ಣೆಯ ತೊಟ್ಟಿ ಬಿಚ್ಚಿ ಕಟ್ಟಿಗೆ ತುಂಡು ಇಡಲೇ? ಪ್ಲಗ್ಗಿನ ರಂಧ್ರದಿಂದ ಹಗ್ಗ ತುಂಬಲೇ? ಇಲ್ಲವೇ ನಿಮ್ಮ ಹಲ್ಲುಪಟ್ಟಿ ಹಾಕಲೇ? ಸೆಲ್ಫ್ ಮೋಟರ್ ತೆಗೆದು ಆ ಜಾಗದಲ್ಲಿ ಬೋಲ್ಟ್ ಮಾಡಿದರೆ ಪಟ್ಟಿಯ ಹಲ್ಲುಗಳು ಫ್ಲೈವ್ಹೀಲಿನ ಹಲ್ಲುಗಳಲ್ಲಿ ಹೇಗೆ ಕೂಡುತ್ತವೆ ಎಂದು ದೂರದಿಂದ ಎಷ್ಟೋ ಸಲ ನೋಡಿದ್ದೇನೆ.

ಪಟ್ಟಿ ನಿಮ್ಮ ಪೆಟ್ಟಿಗೆಯಲ್ಲಿದೆ. ಕೀಲಿ ನನ್ನ ಉಡದಾರದಲ್ಲಿದೆ. ಪ್ರತಿ ಗುರುವಾರ ಪೆಟ್ಟಿಗೆಗೆ ಲೋಬಾನ ಹಾಕುತ್ತೇನೆ, ತೆಗೆದಿಲ್ಲ. ಬದುಕಿರುವ ಉಸ್ತಾದರ ಪೆಟ್ಟಿಗೆಯನ್ನು ಇಜಾಜತ್ ಇಲ್ಲದೆ ತೆಗೆಯುವುದು ಅವರು ಸತ್ತ ಮೇಲೆ ಮಾಡುವ ಕೆಲಸ ಎಂದು ನೀವೇ ಕಲಿಸಿದ್ದೀರಿ. ಒಂದು ಮಾತು ಬರೆಯಿರಿ, ತೆಗೆಯುತ್ತೇನೆ.

ನಿಮ್ಮವನೇ,
ಹುಲಗಪ್ಪ


ಸೋಲಾಪುರ
೧೪ ಆಗಸ್ಟ್ ೧೯೪೮

ಹುಲಗ್ಯಾ,

ಕಾಗದ ಬಂತು. ನಿನ್ನ ಅಕ್ಷರ ಇನ್ನೂ ಕುರಿ ಹಿಕ್ಕೆ ಚೆಲ್ಲಿದ ಹಾಗೇ ಇದೆ. ನನ್ನದು ಸೊಟ್ಟ ಕಂಡರೆ ನಗಬೇಡ, ಇಲ್ಲಿ ಮೇಜಿಲ್ಲ, ಮೊಣಕಾಲಿನ ಮೇಲೆ ಇಟ್ಟು ಬರೆಯುತ್ತಿದ್ದೇನೆ.

ಜೈತುನ ಆರಾಮ ಎಂದರೆ ಎಷ್ಟು ಆರಾಮ ಎಂದು ನನಗೆ ಗೊತ್ತಿಲ್ಲವೇ? ಮದುವೆಯಾಗಿ ಬಂದಾಗಿನಿಂದ ಆಕೆ ಅಡಿಗೆ ಮಾಡುವಾಗ ಕೈ ಸುಟ್ಟುಕೊಂಡದ್ದನ್ನೂ ಹೇಳಿದವಳಲ್ಲ. ನಾನು ಬಂದು ಕರೆದೊಯ್ಯುವ ಹಾಗಿದ್ದರೆ ನಿನ್ನನ್ನು ಕೇಳುತ್ತಿರಲಿಲ್ಲ. ನಾನು ಗಡಿಯ ಈ ಕಡೆಯೇ ಇರಬೇಕು. ಕಂಡರೆ ಅವರು ನನ್ನ ಕೈಯಿಂದ ಲಾರಿ ರಿಪೇರಿ ಮಾಡಿಸುತ್ತಾರೆ, ಆ ಲಾರಿಯಲ್ಲಿ ಕೂತು ಯಾವ ಊರು ಸುಡಲು ಹೋಗುತ್ತಾರೋ ಆ ಪಾಪ ನನ್ನದಾಗುತ್ತದೆ. ಆದ್ದರಿಂದ ನನ್ನ ಹೆಂಡತಿ, ನನ್ನ ಅವ್ವ ಇಬ್ಬರೂ ಈಗ ನಿನ್ನ ಜಿಮ್ಮೆ.

ಈಗ ಕೆಲಸದ ಮಾತು. ಚಾಣ ಮುಟ್ಟಬೇಡ. ಚಾಣ ಕೊಟ್ಟು ಪಾನಾ ಎಳೆದರೆ ಭಾರವೆಲ್ಲ ಒಂದೇ ಹಲ್ಲಿನ ಮೇಲೆ ಬೀಳುತ್ತದೆ. ಹಲ್ಲು ತಾಳಿಕೊಂಡರೆ ಚಾಣ ಆನಿಸಿದ ಎರಕದ ಬೀಡಿನ ಕವಚ ಬಿರಿಯುತ್ತದೆ. ಬಿರಿದ ಬೀಡನ್ನು ಕೂಡಿಸುವವನು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕಟ್ಟಿಗೆಯೂ ಬೇಡ. ಮುದುಕಿಯ ತೊಟ್ಟಿಯ ಬೋಲ್ಟುಗಳು ತುಕ್ಕು ಹಿಡಿದಿವೆ, ಒಂದು ಮುರಿದರೆ ಹೊಸ ತಂಟೆ.

ಹಗ್ಗ ಹಾಕು. ನೂಲಿನ ಹಗ್ಗ. ನಿಮ್ಮಪ್ಪ ಹೊಸೆದ ಕೂದಲಿನ ಹಗ್ಗ ತುರುಕಬೇಡ, ಅದರ ಎಳೆ ಒಳಗೆ ಉಳಿಯುತ್ತದೆ. ಮೊದಲನೆಯ ಪ್ಲಗ್ ಬಿಚ್ಚು. ಪಿಸ್ಟನ್ ಕೆಳಗಿರುವಾಗ ಹಗ್ಗವನ್ನು ಆ ರಂಧ್ರದಿಂದ ತುಂಬು, ತುದಿ ಹೊರಗೆ ಬಿಡು. ಎರಡೂ ವಾಲ್ವು ಮುಚ್ಚಿರುವ ಹೊತ್ತು ಅದು ಎಂಬುದು ನಿನಗೆ ಹೇಳಬೇಕಾಗಿಲ್ಲ. ಪಾನಾ ಎಳೆದಾಗ ಪಿಸ್ಟನ್ ಮೇಲೆ ಬಂದು ಹಗ್ಗವನ್ನು ಒತ್ತಿ ನಿಲ್ಲುತ್ತದೆ. ಅದು ನಿಂತರೆ ಫ್ಲೈವ್ಹೀಲೂ ನಿಂತಿತು. ಇಲ್ಲಿ ದಿನಾ ಹಾಗೇ ಮಾಡುತ್ತಾರೆ.

ಹಲ್ಲುಪಟ್ಟಿಯ ಮಾತು ಎತ್ತಬೇಡ. ಅದನ್ನು ನನ್ನ ಉಸ್ತಾದರು ನನ್ನ ಕೈಗೆ ಕೊಟ್ಟರು, ನಾನು ನಿನ್ನ ಕೈಗೆ ಕೊಡಬೇಕು. ಟಪಾಲಿನಲ್ಲಿ ಕೊಡುವ ವಸ್ತುವಲ್ಲ. ದಸರೆಗೆ ಮುಂಚೆ ನಾನೇ ಬರುತ್ತೇನೆ. ಅಲ್ಲಿಯವರೆಗೆ ಪೆಟ್ಟಿಗೆ ಮುಚ್ಚಿಯೇ ಇರಲಿ.

ಚಂದಾಹುಸೇನ


ಸುರಪುರ
೨೫ ಆಗಸ್ಟ್ ೧೯೪೮

ಉಸ್ತಾದರಿಗೆ ಸಲಾಂ.

ನಿಮ್ಮ ಕಾಗದದಂತೆ ನೂಲಿನ ಹಗ್ಗ ಹುಡುಕಿದೆ. ನೂಲು ಸಿಗುವುದೇ ಕಷ್ಟವಾಗಿದೆ. ಕೊನೆಗೆ ಮಾಳಮ್ಮ ತೊಟ್ಟಿಲ ಹಗ್ಗ ಬಿಚ್ಚಿಕೊಟ್ಟಳು. ನಾಳೆ ತುಂಬುತ್ತೇನೆ.

ಪಟ್ಟಿಯ ಮಾತು ಇನ್ನು ಎತ್ತುವುದಿಲ್ಲ. ಕೊಡುವ ಹೊತ್ತು ಬಂದಿಲ್ಲ ಎಂದು ನಿಮಗೆ ಅನಿಸಿದರೆ ಬಂದಿಲ್ಲ. ನಾನು ಹತ್ತು ವರ್ಷ ನಿಮ್ಮ ಕೈ ಕೆಳಗೆ ಇದ್ದರೂ ಕಲಿತದ್ದು ಎಷ್ಟೆಂದು ನಿಮಗೇ ಗೊತ್ತಲ್ಲ. ಮಾಳಮ್ಮನಿಗೆ ಈ ರೀತಿ ರಿವಾಜು ತಿಳಿಯುವುದಿಲ್ಲ. “ಪೆಟಗಿ ತಗದ್ರ ನಿಮ್ಮ ಉಸ್ತಾದ್ ಸಾಯ್ತಾನೇನು?” ಎಂದು ಕೇಳಿದಳು. ನಾನು ಸಿಟ್ಟು ಮಾಡಿದೆ. ಪರದೇಶದಲ್ಲಿ ಇರುವವರ ಬಗ್ಗೆ ಅಂಥ ಮಾತು ಬಾಯಲ್ಲಿ ಬರಬಾರದು.

ಕಲ್ಲಗುಡ್ಡದಿಂದ ಗೌಡರ ಆಳು ಈಶಪ್ಪ ಬಂದಿದ್ದ. ಅಕ್ಕ, ಆಯಿ ಹೊರಗೆ ಕಾಣಿಸಿಕೊಳ್ಳುವುದಿಲ್ಲ. ಗೌಡರು ಹೇಳಿ ಕಳಿಸಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: “ಈಗ ರಜಾಕಾರರ ಅಂಜಿಕಿ. ನಾಳೆ ದಿಲ್ಲಿ ಫೌಜ ಬಂತಂದ್ರ ನಮ್ಮವರದೇ ಅಂಜಿಕಿ. ಎರಡರ ನಡುವ ಇವರನ್ನ ಕಳಸಬೇಕ್ರಿ.” ಗೌಡರಂಥವರೇ ಹೀಗೆ ಹೇಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ.

ಮಿಲ್ಲಿನಲ್ಲಿ ಸಂಜೆ ಹೊತ್ತು ಹೇಗೆ ಕಳೆಯುತ್ತೀರಿ? ಸೋಲಾಪುರದಲ್ಲಿ ಕೆಟ್ಟ ಚಟದವರು ಬಹಳ ಎಂದು ಕೇಳಿದ್ದೇನೆ. ನಿಮ್ಮ ಅಕ್ಷರ ನೋಡಿ ಕೇಳಿದೆ, ತಪ್ಪು ತಿಳಿಯಬೇಡಿರಿ.

ಹುಲಗಪ್ಪ


ಸುರಪುರ
೪ ಸೆಪ್ಟೆಂಬರ್ ೧೯೪೮

ಉಸ್ತಾದರಿಗೆ ಸಲಾಂ.

ಅವಸರದಲ್ಲಿ ಬರೆಯುತ್ತಿದ್ದೇನೆ, ವ್ಯಾಪಾರಿ ಬಾಗಿಲಲ್ಲಿ ನಿಂತಿದ್ದಾನೆ. ಮುದುಕಿಯ ಮೊದಲನೆಯ ಸಿಲಿಂಡರಿನ ಎಗ್ಝಾಸ್ಟ್ ವಾಲ್ವು ಒಂದು ಬೇಕಾಗಿದೆ. ಇಲ್ಲೂ ಇಲ್ಲ, ಶಹಾಪುರದಲ್ಲೂ ಇಲ್ಲ. ಅಳತೆಯ ದಾರ ಒಳಗೆ ಇಟ್ಟಿದ್ದೇನೆ. ಯಾರಾದರೂ ಈ ಕಡೆ ಬರುವವರ ಕೈಯಲ್ಲಿ ಕೂಡಲೇ ಕಳಿಸಿರಿ.

ಉಳಿದ ಕೆಲಸ ನಡೆದಿದೆ. ಈ ತಿಂಗಳ ಒಳಗೆ ಗಾಡಿ ಹೊರಡಿಸುತ್ತೇನೆ.

ಹುಲಗಪ್ಪ


ಸೋಲಾಪುರ
೧೦ ಸೆಪ್ಟೆಂಬರ್ ೧೯೪೮

ಹುಲಗ್ಯಾ,

ನಿನಗೆ ಬುದ್ಧಿ ಇದೆಯೋ ಇಲ್ಲವೋ? ನಾನು ನಟ್ಟು ಬಿಚ್ಚು ಎಂದರೆ ನೀನು ವಾಲ್ವು ಬದಲಾಯಿಸುತ್ತ ಕೂತಿದ್ದೀಯಾ? ಮುದುಕಿಗೆ ಮದುವೆ ಮಾಡುತ್ತೀಯೇನು? ಹೊಗೆ ಬಿಡಲಿ, ಕೆಮ್ಮಲಿ, ಯಾದಗಿರಿಯವರೆಗೆ ಒಂದು ಸಲ ಉರುಳಿದರೆ ಸಾಕು. ಚೆಂದ ಮಾಡುವ ಹೊತ್ತಲ್ಲ ಇದು. ಇರಲಿ, ವಾಲ್ವು ವ್ಯಾಪಾರಿಯ ಕೈಯಲ್ಲಿ ಕೊಟ್ಟಿದ್ದೇನೆ.

ಇಲ್ಲಿಯ ಮಾತು ಕೇಳಿದರೆ ಇನ್ನು ತಡವಿಲ್ಲ. ಸ್ಟೇಶನ್ನಿನಲ್ಲಿ ಬರೀ ಫೌಜಿನ ಗಾಡಿಗಳು. ಗೌಡರು ಹೇಳಿದ್ದು ಖರೆ. ಆದ್ದರಿಂದ ನಾನೇ ದಿನ ಗೊತ್ತು ಮಾಡಿದ್ದೇನೆ. ಗೋಗಿ ದರ್ಗಾಕ್ಕೆ ಹೋಗುವ ಫಕೀರನೊಬ್ಬನ ಕೈಯಲ್ಲಿ ಜೈತುನಳಿಗೆ ಹೇಳಿ ಕಳಿಸಿದ್ದೇನೆ. ೨೩ನೇ ತಾರೀಖು, ಗುರುವಾರ, ಹುಲಗಪ್ಪ ಮೋಟಾರು ತರುತ್ತಾನೆ, ಹಳ್ಳ ತುಂಬಿದ್ದರೆ ಗಾಡಿ ಊರೊಳಗೆ ಬರುವುದಿಲ್ಲ, ಗಂಟು ಕಟ್ಟಿಕೊಂಡು ರಸ್ತೆಯ ತಿರುವಿನಲ್ಲಿ ಇರು ಎಂದು. ಈ ತಿಂಗಳ ಒಳಗೆ ಎಂದು ನೀನೇ ಬರೆದಿದ್ದೀಯಲ್ಲ. ಹಗ್ಗದಿಂದ ನಟ್ಟು ಬಿಚ್ಚಿದ ಮೇಲೆ ಇನ್ನೇನು ಕೆಲಸ ಉಳಿದಿದೆ?

ನನ್ನ ಚಟದ ವಿಚಾರ ನಿನಗೆ ಬೇಡ. ದಿನ ನೆನಪಿಡು.

ಚಂದಾಹುಸೇನ


ಸೋಲಾಪುರ
೨ ಅಕ್ಟೋಬರ್ ೧೯೪೮

ಹುಲಗಪ್ಪ,

ಬೇಟಾ, ಒಂದು ಸಾಲು ಬರೆ.

ಇಲ್ಲಿ ಪೇಡೆ ಹಂಚಿದರು. ಹೈದರಾಬಾದು ಬಿತ್ತು, ರಜಾಕಾರರು ಓಡಿಹೋದರು ಎಂದು ಕುಣಿದರು. ನಾನೂ ಪೇಡೆ ತಿಂದೆ. ಖುಷಿಯಿಂದಲೇ ತಿಂದೆ, ಅವರಿಗೆ ಹೆದರಿ ಓಡಿ ಬಂದವನು ನಾನು. ಈಗ ಆ ಕಡೆಯಿಂದ ರೈಲಿನಲ್ಲಿ ಬರುವ ನಮ್ಮ ಮುಸಲ್ಮಾನರ ಮುಖ ನೋಡುತ್ತೇನೆ. ಏನಾಯಿತು ಎಂದು ಕೇಳಿದರೆ ಬೀಡಿ ಕೇಳುತ್ತಾರೆ, ಕೂಡುತ್ತಾರೆ, ಮುಂದಿನ ಗಾಡಿ ಹತ್ತುತ್ತಾರೆ.

೨೩ರಿಂದ ದಿನಾ ಸ್ಟೇಶನ್ನಿಗೆ ಹೋಗುತ್ತಿದ್ದೇನೆ. ಬುರ್ಖಾದ ಹೆಂಗಸು ಯಾರೇ ಇಳಿದರೂ ಎದ್ದು ನಿಲ್ಲುತ್ತೇನೆ. ಗಾಡಿ ಕೆಟ್ಟಿದ್ದರೆ ಕೆಟ್ಟಿದೆ ಎಂದು ಬರೆ. ನಾನು ಬೈಯುವುದಿಲ್ಲ. ಅವರು ಇನ್ನೂ ಗೌಡರ ಮನೆಯಲ್ಲೇ ಇದ್ದಾರೆ ಎಂದು ಬರೆ, ಸಾಕು.

ಚಂದಾಹುಸೇನ


ಸುರಪುರ
೧೧ ಅಕ್ಟೋಬರ್ ೧೯೪೮

ಉಸ್ತಾದರಿಗೆ,

ಜೈತುನಬೀ ಅಕ್ಕ ಇಲ್ಲ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಮಾಳಮ್ಮ ಹೇಳಿದಳು. ಹಿಂದೆ ಮುಂದೆ ಮಾತು ಸುತ್ತಿ ಬರೆದ ಕಾಗದಗಳನ್ನೆಲ್ಲ ಹರಿದು ಹಾಕಿದ್ದೇನೆ.

ನಿಮ್ಮ ಸೆಪ್ಟೆಂಬರ್ ಕಾಗದ ಇಪ್ಪತ್ಮೂರನೇ ತಾರೀಖು ಗುರುವಾರ ಮುಂಜಾನೆಯಷ್ಟೇ ನನ್ನ ಕೈ ಸೇರಿತು. ನಡುವೆ ಫೌಜು ಬಂದು ಟಪಾಲು ನಿಂತಿತ್ತು. ಅಕ್ಕ ಅದೇ ದಿನ ರಸ್ತೆಯ ಮೇಲೆ ಕಾಯುತ್ತಾಳೆ ಎಂದು ಆಗ ತಿಳಿಯಿತು. ಮುದುಕಿ ಮುಂದಿನ ಭಾಗ ಬಿಚ್ಚಿಕೊಂಡು ಶೆಡ್ಡಿನಲ್ಲೇ ನಿಂತಿದ್ದಳು. ನಾನು ನಡೆದೇ ಹೊರಟೆ, ಓಡಲು ಆಗುವಷ್ಟು ಓಡಿದೆ. ದಾರಿಯಲ್ಲಿ ಗುಂಪುಗಳು ಕೊಡಲಿ ಬಡಿಗೆ ಹಿಡಿದು ತಿರುಗುತ್ತಿದ್ದವು. ತಡೆದು ಹೆಸರು ಕೇಳಿದರು, ಧೋತರ ನೋಡಿದರು, ಬಿಟ್ಟರು. ಕಲ್ಲಗುಡ್ಡ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು.

ಫಕೀರ ಹೇಳಿದ ದಿನಕ್ಕೆ ಅಕ್ಕ ಮುಂಜಾನೆಯೇ ಗಂಟು ತಗೊಂಡು ತಿರುವಿಗೆ ಹೋಗಿದ್ದಳು. ಮೋಟಾರು ಬಂದ ಮೇಲೆ ಆಯಿಯನ್ನು ಹೊತ್ತು ತರುವುದು ಎಂದು ಮಾತಾಗಿತ್ತು, ಆದ್ದರಿಂದ ಆಯಿ ವಾಡೆಯೊಳಗೇ ಇದ್ದಳು. ಮಧ್ಯಾಹ್ನ ಗೌಡರು ಈಶಪ್ಪನನ್ನು ಕಳಿಸಿ, ಹೊರಗೆ ಸುದ್ದಿ ಚಲೋ ಇಲ್ಲ, ಒಳಗೆ ಬಾ ಎಂದು ಕರೆಸಿದರು. ಅಕ್ಕ ಬರಲಿಲ್ಲ. “ಹುಲಗಪ್ಪ ಬರ್ತಾನಂತ ಅವರು ಹೇಳಿ ಕಳಸ್ಯಾರ. ಅವ ಬಂದಾಗ ನಾ ಇಲ್ಲಂದ್ರ ತಿರುಗಿ ಹೋಗ್ತಾನ” ಅಂದಳಂತೆ. ಆಮೇಲೆ ಗುಂಪು ಬಂತು. ಯಾವ ಊರಿನವರೋ ಗೊತ್ತಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಈಶಪ್ಪ ನಡುವೆ ಹೋಗಿ ತಲೆ ಒಡೆಸಿಕೊಂಡ. ಹೆಚ್ಚು ಬರೆಯಲಾರೆ. ಬಹಳ ಹೊತ್ತು ಹಿಡಿಯಲಿಲ್ಲ ಎಂದು ಈಶಪ್ಪ ಆಣೆ ಮಾಡಿ ಹೇಳಿದ್ದಾನೆ, ನಾನು ಅದನ್ನು ನಂಬಿದ್ದೇನೆ, ನೀವೂ ನಂಬಿರಿ. ನಿಮ್ಮವರು ಊರಲ್ಲಿ ಯಾರೂ ಉಳಿದಿರಲಿಲ್ಲ. ದರ್ಗಾದ ಮುಜಾವರ ಕದ್ದು ಬಂದು ದುವಾ ಓದಿದ. ನಾನು, ಗೌಡರು ಮಣ್ಣು ಕೊಟ್ಟೆವು.

ಗಾಡಿ ಯಾಕೆ ಬರಲಿಲ್ಲ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ನೀವು ಬೇಡ ಎಂದ ಕೆಲಸವನ್ನೇ ಮಾಡಿದೆ. ಹಗ್ಗ ಬಿಟ್ಟು ಚಾಣ ಕೊಟ್ಟೆ. ಅವಸರ ಮಾಡಿದೆ. ಬೀಡಿನ ಕವಚ ಬಿರಿಯಿತು. ತಪ್ಪು ಪೂರಾ ನನ್ನದು.

ಆಯಿ ಗೌಡರ ಮನೆಯಲ್ಲಿದ್ದಾಳೆ. ಆಕೆಗೆ ಏನೂ ಹೇಳಿಲ್ಲ.

ಹುಲಗಪ್ಪ


ಸೋಲಾಪುರ
೨೦ ಅಕ್ಟೋಬರ್ ೧೯೪೮

ಹುಲಗಪ್ಪನಿಗೆ,

ಕುರಿ ಕಾಯುತ್ತಿದ್ದವನ ಕೈಗೆ ಪಾನಾ ಕೊಟ್ಟದ್ದು ನನ್ನ ತಪ್ಪು. ಚಾಣ ಮುಟ್ಟಬೇಡ ಎಂದು ಬರೆದಿದ್ದೆ. ಯಾಕೆ ಮುಟ್ಟಬಾರದು ಎಂದೂ ಬರೆದಿದ್ದೆ. ಓದು ಬರುವುದಿಲ್ಲವೇ ನಿನಗೆ?

ನಾನು ಇನ್ನು ನಿನ್ನ ಉಸ್ತಾದನಲ್ಲ. ಯಾರ ಮುಂದೆಯೂ ನನ್ನ ಹೆಸರು ಹೇಳಿ ಕೆಲಸ ಮಾಡಬೇಡ. ಪೆಟ್ಟಿಗೆಯ ಕೀಲಿಯನ್ನು ಬಾವಿಗೆ ಒಗೆ. ಅವ್ವನನ್ನು ಕರೆತರುವ ಉಸಾಬರಿ ನಿನಗೆ ಬೇಡ, ನಾನು ಬೇರೆಯವರಿಗೆ ಹೇಳುತ್ತೇನೆ.

ಆಕೆ ಮುಂಜಾನೆಯಿಂದ ಕಾದಳು ಎಂದು ಬರೆದಿದ್ದೀಯಲ್ಲ. ಆ ಸಾಲನ್ನು ಬರೆಯುವಾಗ ನಿನ್ನ ಕೈ ಹೇಗೆ ನಡೆಯಿತು?

ಚಂದಾಹುಸೇನ


ಸೋಲಾಪುರ
೬ ನವೆಂಬರ್ ೧೯೪೮

ಹುಲಗಪ್ಪ,

ಹಿಂದಿನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯುವುದಿಲ್ಲ ಎಂದು ಗೊತ್ತಿತ್ತು. ಬೈದರೆ ತಲೆ ತಗ್ಗಿಸಿ ನಿಲ್ಲುವುದನ್ನು ನಾನೇ ನಿನಗೆ ಕಲಿಸಿದ್ದು.

ನೀನು ಸುಳ್ಳು ಹೇಳಿದ್ದೀ. ಇಷ್ಟು ದಿನ ಸಿಟ್ಟಿನಲ್ಲಿ ನನಗೆ ಕಾಣಲಿಲ್ಲ. ಮೊನ್ನೆ ಇಲ್ಲಿಗೆ ಒಂದು ಗಾಡಿ ಬಂತು, ಟೈಮಿಂಗ್ ಗೇರಿನ ಹಲ್ಲು ಉದುರಿದ್ದು. ಹುಡುಗರು ಹಗ್ಗ ತಂದರು. ಬೇಡ ಎಂದು ನನ್ನ ಬಾಯಿಂದ ತಾನಾಗಿಯೇ ಬಂತು. ಗೇರು ಹೋದ ಮೇಲೆ ವಾಲ್ವುಗಳನ್ನು ಮುಚ್ಚಿಸುವವರು ಯಾರು ಎಂದು ಬೈದೆ. ಪಿಸ್ಟನ್ ಎಲ್ಲಿದ್ದರೇನು, ತೆರೆದ ವಾಲ್ವು ತೆರೆದೇ ಇರುತ್ತದೆ. ಅದರ ಕೆಳಗೆ ಹಗ್ಗ ಹೊಕ್ಕರೆ, ಪಾನಾ ಎಳೆದ ಕೂಡಲೇ ವಾಲ್ವು ಬಾಗುತ್ತದೆ. ಇಷ್ಟು ಹೇಳಿ, ವಾಲ್ವು ಕೇಳಿದ್ದ ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದೆ.

ಕವಚ ಒಡೆದವನು ವಾಲ್ವು ಯಾಕೆ ಕೇಳುತ್ತಾನೆ? ನೀನು ಚಾಣ ಮುಟ್ಟಿಲ್ಲ. ನಾನು ಹೇಳಿದ ಹಾಗೇ ಹಗ್ಗ ತುಂಬಿದೆ. ನಾನು ಹೇಳಿದ ಹಾಗೇ ಎಳೆದೆ. ಗೇರಿನ ಹಲ್ಲು ಹೋಗಿವೆ ಎಂದು ನೀನು ಮೊದಲ ಕಾಗದದಲ್ಲೇ ಬರೆದಿದ್ದೆ, ಅದನ್ನು ಓದಿಯೂ ನಾನು ಹಗ್ಗ ಹಾಕು ಎಂದೆ. ಅಂಥ ಗಾಡಿಗೆ ಹಲ್ಲುಪಟ್ಟಿ ಬಿಟ್ಟರೆ ಬೇರೆ ಹತಾರವೇ ಇಲ್ಲ. ಅದು ಗೊತ್ತಿರುವವನು ನಾನು. ದಿನ ಗೊತ್ತು ಮಾಡಿದವನೂ ನಾನು. ರಸ್ತೆಗೆ ಕಳಿಸಿದವನೂ ನಾನು.

ಪಟ್ಟಿ ಯಾಕೆ ಕೊಡಲಿಲ್ಲ ಎಂದರೆ, ನಿನ್ನ ಮೇಲೆ ನಂಬಿಕೆ ಇಲ್ಲದೆ ಅಲ್ಲ. ಜುಲೈ ತಿಂಗಳಲ್ಲಿ ಇಲ್ಲಿ ಬೆಲ್ಟಿಗೆ ಸಿಕ್ಕು ನನ್ನ ಬಲಗೈ ಹೋಯಿತು. ಮುಂಗೈ ಇದೆ, ಬೆರಳು ಇಲ್ಲ. ಎಡಗೈಯಿಂದ ಬರೆಯುತ್ತಿದ್ದೇನೆ. ಇಲ್ಲಿ ನಾನು ರಿಪೇರಿ ಮಾಡುವುದಿಲ್ಲ, ಗೇಟಿನ ಹತ್ತಿರ ಕೂತು ಲಾರಿ ಎಣಿಸುತ್ತೇನೆ. ನೀನು ಪಟ್ಟಿ ಕೇಳಿದಾಗ, ಅದನ್ನು ಕೊಟ್ಟರೆ ನನ್ನ ಕೆಲಸ ಮುಗಿಯಿತು ಎಂದು ಒಪ್ಪಿದ ಹಾಗೆ ಎನಿಸಿತು. ದಸರೆಗೆ ಬಂದು ಕೈಯಲ್ಲಿ ಕೊಡುತ್ತೇನೆ ಎಂದು ಬರೆದೆ. ಯಾವ ಕೈಯಲ್ಲಿ? ನನ್ನ ಈ ಜಂಬಕ್ಕೆ ಜೈತುನ ಹೋದಳು.

ಪೆಟ್ಟಿಗೆ ತೆಗೆ. ಎಲ್ಲಾ ನಿನ್ನದು. ನಾನು ಸತ್ತೆ ಎಂದು ತಿಳಿದಾದರೂ ತೆಗೆ. ಅವ್ವನನ್ನು ನೀನೇ ಕರೆದುಕೊಂಡು ಬಾ, ಬೇರೆ ಯಾರಿಗೂ ನಾನು ಹೇಳಿಲ್ಲ. ಯಾರೂ ಇಲ್ಲ ನನಗೆ.

ಚಂದಾಹುಸೇನ


ಯಾದಗಿರಿ
೨೨ ನವೆಂಬರ್ ೧೯೪೮

ಉಸ್ತಾದರಿಗೆ ಸಲಾಂ.

ನೀವು ಇನ್ನು ನನ್ನ ಉಸ್ತಾದರಲ್ಲ ಎಂದು ಬರೆದ ಕಾಗದ ನನಗೆ ಮುಟ್ಟಿಲ್ಲ ಎಂದೇ ತಿಳಿಯಿರಿ. ಟಪಾಲು ಹೇಗಿದೆ ಎಂದು ನಿಮಗೂ ಗೊತ್ತು.

ಸುಳ್ಳು ಹೇಳಿದ್ದು ಹೌದು. ನನ್ನ ಮೇಲೆ ಸಿಟ್ಟಿದ್ದರೆ ನೀವು ಬೈದುಕೊಂಡಾದರೂ ಬದುಕುತ್ತೀರಿ, ನಿಮ್ಮ ಮೇಲೆ ನಿಮಗೇ ಸಿಟ್ಟು ಬಂದರೆ ಏನು ಮಾಡಿಕೊಳ್ಳುತ್ತೀರೋ ಎಂದು ಹೆದರಿದ್ದೆ. ಈಗಲೂ ಹೆದರುತ್ತೇನೆ. ಹಗ್ಗ ತುಂಬುವಾಗ ನನಗೂ ಮನಸ್ಸು ಅಳುಕಿತ್ತು. ಇಲ್ಲೇನೋ ಸರಿಯಿಲ್ಲ ಎನಿಸಿತು. ಉಸ್ತಾದರು ಹೇಳಿದ ಮೇಲೆ ಆಯಿತು ಎಂದು ಎಳೆದೆ. ನಿಮ್ಮ ಸೊಟ್ಟ ಅಕ್ಷರ ನೋಡಿ ನೀವು ಕುಡಿಯಲು ಕಲಿತಿದ್ದೀರಿ ಎಂದುಕೊಂಡಿದ್ದೆ. ಕ್ಷಮಿಸಿರಿ.

ವಾಲ್ವು ಕೊನೆಗೂ ವ್ಯಾಪಾರಿಯಿಂದ ಬಂದು ಮುಟ್ಟಿತು. ನಿಮ್ಮ ಕಾಗದ ಬಂದ ದಿನ ಲೋಬಾನ ಹಾಕಿ ಪೆಟ್ಟಿಗೆ ತೆಗೆದೆ. ಹಲ್ಲುಪಟ್ಟಿ ಬೋಲ್ಟ್ ಮಾಡಿ ಪಾನಾ ಎಳೆದೆ. ನಟ್ಟು ಒಂದೇ ಎಳೆತಕ್ಕೆ ಬಂತು, ಉಸ್ತಾದ್. ಒಂದೇ ಎಳೆತ. ಮಾಳಮ್ಮ ಓಡಿ ಬಂದು, ಕೈಗೆ ಪೆಟ್ಟಾಯಿತೇನು ಎಂದು ಕೇಳುವಷ್ಟು ಜೋರಾಗಿ ಅತ್ತೆ.

ನಿನ್ನೆ ಕಲ್ಲಗುಡ್ಡಕ್ಕೆ ಹೋಗಿ ಆಯಿಯನ್ನು ಯಾದಗಿರಿಗೆ ಕರೆತಂದಿದ್ದೇನೆ. ವಕೀಲರ ತಂಗಿ ಪಾರ್ವತೆಮ್ಮ ಇಲ್ಲೇ ಇದ್ದಾರೆ, ಅವರ ಮನೆಯಲ್ಲಿ ಇಳಿಸಿದ್ದೇನೆ. ಅವರು ಗುರುವಾರದ ರೈಲಿಗೆ ಸೋಲಾಪುರಕ್ಕೆ ಹೊರಟಿದ್ದಾರೆ, ಆಯಿಯನ್ನು ಜೊತೆಗೆ ಕರೆದೊಯ್ಯುತ್ತೇನೆ ಎಂದು ಒಪ್ಪಿಕೊಂಡಿದ್ದಾರೆ. ನಾನೇ ಬರುತ್ತಿದ್ದೆ. ವಕೀಲರ ಮೋಟಾರನ್ನು ಈಗ ಫೌಜಿನ ಸಾಹೇಬರು ಕೇಳಿದ್ದಾರೆ, ಅದರ ಹಿಂದೆ ನಾನೂ ಹೋಗಬೇಕಾಗಿದೆ.

ಒಂದು ಮಾತು ನಿಮಗೆ ಮೊದಲೇ ತಿಳಿದಿರಬೇಕು. ಆಯಿಗೆ ಇನ್ನೂ ಗೊತ್ತಿಲ್ಲ. ಆ ದಿನ ಸಂಜೆ ಸೊಸೆ ಎಲ್ಲಿ ಎಂದು ಕೇಳಿದಾಗ ಗೌಡರ ಮನೆಯ ಹೆಂಗಸರು, ಮೋಟಾರು ಬಂತು, ನಿಲ್ಲುವ ಹಾಗಿರಲಿಲ್ಲ, ಜೈತುನಬೀ ಮೊದಲು ಹೋದಳು, ನಿನ್ನನ್ನು ಆಮೇಲೆ ಒಯ್ಯುತ್ತಾರೆ ಎಂದು ಹೇಳಿಬಿಟ್ಟಿದ್ದಾರೆ. ಆಯಿ ಅದನ್ನೇ ನಂಬಿ ಇಷ್ಟು ದಿನ ಕೂತಿದ್ದಾಳೆ. ನನ್ನನ್ನು ಕಂಡ ಕೂಡಲೇ, “ಬಂದೇನಪಾ ಈಗ? ಆಕಿ ಒಂದ ಮಾತ ಹೇಳದ ಮೋಟಾರ ಹತ್ತಿ ಹೋಗ್ಯಾಳ. ಗಂಡ ಸಿಕ್ಕ ಮ್ಯಾಲ ಅತ್ತಿ ಯಾಕ ಬೇಕು?” ಅಂದಳು. ನಾನು ಹೇಳಬೇಕೆಂದೇ ಹೋಗಿದ್ದೆ. ಹೇಳದೆ ಆಕೆಯ ಗಂಟು ಎತ್ತಿಕೊಂಡೆ. ಹೇಳಿದರೆ ಆಕೆ ಸೊಸೆಯ ಮಣ್ಣು ಬಿಟ್ಟು ಹೊರಡುವುದಿಲ್ಲ ಎಂದು ಗೌಡರೂ ಹೇಳಿದರು. ಅಲ್ಲಿ ಇನ್ನು ಇರಿಸುವ ಹಾಗಿಲ್ಲ.

ಗಾಡಿ ಹತ್ತಿಸುವಾಗ, ಜೈತುನ ಎಲ್ಲಿ ಕೂತಿದ್ದಳು ಎಂದು ಕೇಳಿದಳು. ಹಿಂದೆ, ಎಡಕ್ಕೆ ಎಂದೆ. ಅಲ್ಲೇ ಕೂಡಿಸು ಎಂದಳು. ದಾರಿಯಲ್ಲಿ ಕುಲುಕಾಡಿದಾಗಲೆಲ್ಲ, ಆಕೆಗೂ ಹೀಗೇ ಸೊಂಟ ನೋವಾಗಿರಬೇಕು, ತಕ್ಕ ಶಾಸ್ತಿ ಎಂದು ನಕ್ಕಳು. ಶಹಾಪುರ ದಾಟಿದ ಮೇಲೆ ಸಿಟ್ಟು ಇಳಿಯಿತು. ಆಕೆ ಉಂಡಳೋ ಇಲ್ಲವೋ, ಸೋಲಾಪುರದಲ್ಲಿ ಜೋಳ ಸಿಗುತ್ತದೋ ಇಲ್ಲವೋ ಎಂದು ಕೇಳತೊಡಗಿದಳು. ನಾನು ಗಾಡಿ ನಡೆಸುತ್ತ ಹೂಂ ಎನ್ನುತ್ತ ಬಂದೆ.

ನನ್ನಿಂದ ಆಗಲಿಲ್ಲ. ಪಾರ್ವತೆಮ್ಮನವರಿಗೆ ಹೇಳಿದ್ದೇನೆ, ಅವರೂ ದಾರಿಯಲ್ಲಿ ಹೇಳಲಾರೆ ಎಂದು ಅತ್ತರು. ಈ ಭಾರ ನಿಮ್ಮ ಮೇಲೆ ಹಾಕುತ್ತಿದ್ದೇನೆ.

ರೈಲು ಶುಕ್ರವಾರ ಬೆಳಿಗ್ಗೆ ಸೋಲಾಪುರ ಮುಟ್ಟುತ್ತದೆ. ಪಾರ್ವತೆಮ್ಮ ಹೆಂಗಸರ ಡಬ್ಬಿಯ ಬಾಗಿಲಲ್ಲೇ ಇರುತ್ತಾರೆ. ಆಯಿಯ ಕಾಲು ನಡೆಯದಿದ್ದರೂ ಕಣ್ಣು ಚೆನ್ನಾಗಿದೆ. ಪ್ಲಾಟ್‌ಫಾರಮ್ಮಿನ ಮೇಲೆ ನಿಮ್ಮನ್ನು ಕಂಡ ಕೂಡಲೇ, ನಿಮ್ಮ ಹಿಂದೆ ಯಾರು ನಿಂತಿದ್ದಾರೆ ಎಂದು ನೋಡುತ್ತಾಳೆ.

ಹುಲಗಪ್ಪ